ಬಿಡಲೊಲ್ಲದ ಸುರುಳಿ

ಕಟ್ಟಡದವರು ರಿಂಗ್ ಕಟ್ಟಲು ಬಳಸುವ 6 ಎಂಎಂ ಸರಳಿನ ಒಂದು ಚಿಕ್ಕ ತುಂಡನ್ನು ಮೇಜಿನ ಅಂಚಿನಿಂದ ಒಂದೂವರೆ ಮೀಟರ್ ದೂರಕ್ಕೆ ಎಸೆಯುವ ಯಂತ್ರವೊಂದನ್ನು ಮಾಡಿಕೊಂಡಿದ್ದೇನೆ. ಇದರಲ್ಲಿ ಸಿಡಿಮದ್ದಿಲ್ಲ, ಸ್ಪ್ರಿಂಗ್ ಇಲ್ಲ, ಗಾಳಿಯ ಒತ್ತಡವೂ ಇಲ್ಲ. ತಾಮ್ರದ ತಂತಿಯ ಒಂದು ಸುರುಳಿ, ವಿದ್ಯುತ್ತನ್ನು ಕೂಡಿಟ್ಟು ಒಮ್ಮೆಗೇ ಬಿಡುವ ಒಂದು ಕೆಪಾಸಿಟರ್ (ಕಂಡೆನ್ಸರ್), ಒಂದು ಸ್ವಿಚ್, ಅಷ್ಟೇ. ಕಾಯಿಲ್‌ಗನ್ ಎಂದು ಇದರ ಹೆಸರು. ಇದಕ್ಕಿಂತ ದೂರಕ್ಕೆ ಯಾವ ಮಗುವಾದರೂ ಕೈಯಲ್ಲೇ ಎಸೆದೀತು. ಮನೆಗೆ ಬಂದವರು ನೋಡಿ "ಇಷ್ಟೇನಾ?" ಎಂದು ಕೇಳುತ್ತಾರೆ. ಹೌದು, ಇಷ್ಟೇ. ಅವರಿಗೆ ಕಾಣುವುದು ಸರಳಿನ ತುಂಡು ಬಿದ್ದ ಜಾಗ. ನನಗೆ ಬೇಕಾಗಿರುವುದು ಅದು ಅಷ್ಟೇ ದೂರಕ್ಕೆ ಯಾಕೆ ಬಿತ್ತು ಎಂಬ ಲೆಕ್ಕ.

ಬೋರ್‌ವೆಲ್ ಇರುವ ತೋಟದಲ್ಲಿ ಬೆಳೆದವರಿಗೆ ಇದರ ಮೂಲ ತತ್ವ ಹೊಸದೇನಲ್ಲ. ಪಂಪ್‌ಸೆಟ್ ಮನೆಯ ಗೋಡೆಗೆ ಬಿಗಿದ ಸ್ಟಾರ್ಟರ್‌ನ ಹಸಿರು ಗುಂಡಿ ಒತ್ತಿದಾಗ 'ಠಕ್' ಎಂದು ಕೇಳಿಸುತ್ತದಲ್ಲ, ಅದು ಸುರುಳಿಯೊಂದು ಕಬ್ಬಿಣವನ್ನು ತನ್ನತ್ತ ಎಳೆದುಕೊಂಡ ಸದ್ದು. ನೋ-ವೋಲ್ಟ್ ಕಾಯಿಲ್ ಎಂದು ಅದನ್ನು ಕರೆಯುತ್ತಾರೆ. ಕರೆಂಟ್ ಇರುವಷ್ಟು ಹೊತ್ತು ಅದು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೂರು ಫೇಸಿನ ಸಂಪರ್ಕ ಕೂಡಿಸಿರುತ್ತದೆ. ಕರೆಂಟ್ ಹೋದೊಡನೆ ಕೈಬಿಡುತ್ತದೆ. ಹಾಗಾಗಿಯೇ ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೂ ಮೋಟರ್ ತಾನಾಗಿ ಓಡುವುದಿಲ್ಲ. ಯಾರಾದರೂ ಟಾರ್ಚ್ ಹಿಡಿದು ಹೋಗಬೇಕು, ಇಲ್ಲವೇ ಆಟೋ ಸ್ಟಾರ್ಟರ್ ಹಾಕಿಸಿರಬೇಕು.

ಸ್ಟಾರ್ಟರ್‌ನಲ್ಲಿ ಎಳೆದ ಕಬ್ಬಿಣಕ್ಕೆ ಬಂದು ನಿಲ್ಲಲು ಒಂದು ತಡೆ ಇರುತ್ತದೆ. ಆ ತಡೆಯನ್ನು ತೆಗೆದು, ಸುರುಳಿಯ ನಡುವೆ ಒಂದು ಕೊಳವೆ ಇಟ್ಟರೆ ಕಬ್ಬಿಣ ಒಳಗೆ ನುಗ್ಗಿ ಆಚೆ ಬದಿಯಿಂದ ಹೊರಬರಬೇಕು. ಕಾಗದದ ಮೇಲೆ ಇದಕ್ಕೆ ಅರ್ಧ ಪುಟ ಸಾಕು. ಆದರೆ ಹಾಗೆಯೇ ಮಾಡಿ ನೋಡಿದರೆ ಕಬ್ಬಿಣ ಹೊರಬರುವುದಿಲ್ಲ. ಒಳಗೆ ನುಗ್ಗುತ್ತದೆ, ಹಿಂದಕ್ಕೆ ಮುಂದಕ್ಕೆ ಒಂದೆರಡು ಬಾರಿ ಒಲೆದಾಡುತ್ತದೆ, ಸುರುಳಿಯ ನಟ್ಟನಡುವೆ ನಿಂತುಬಿಡುತ್ತದೆ. ಸುರುಳಿಗೆ ತಳ್ಳುವುದು ಗೊತ್ತಿಲ್ಲ, ಎಳೆಯುವುದಷ್ಟೇ ಗೊತ್ತು. ನಡುಬಿಂದುವಿನ ತನಕ ಕಬ್ಬಿಣಕ್ಕೆ ಕೊಟ್ಟ ವೇಗವನ್ನೆಲ್ಲ ನಡುಬಿಂದು ದಾಟಿದ ಮೇಲೆ ಅದೇ ಬಲದಿಂದ ವಾಪಸು ಕಿತ್ತುಕೊಳ್ಳುತ್ತದೆ. ಕಬ್ಬಿಣ ನಡುವಿಗೆ ಬರುವ ಹೊತ್ತಿಗೆ ಸರಿಯಾಗಿ ಕರೆಂಟ್ ಸತ್ತಿರಬೇಕು. ಈ ಹವ್ಯಾಸದ ಕಷ್ಟವೆಲ್ಲ ಆ ಒಂದು ವಾಕ್ಯದಲ್ಲಿದೆ. ಕರೆಂಟ್ ಹರಿಸುವುದು ಸುಲಭ, ಹರಿಯುವುದನ್ನು ನಿಲ್ಲಿಸುವುದು ಬೇರೆಯೇ ವಿದ್ಯೆ.

ತಂತಿಗೆಂದು ಹೋದದ್ದು ಮೋಟರ್ ರಿವೈಂಡಿಂಗ್ ಅಂಗಡಿಗೆ. ತೆಂಗಿನ ಸೀಮೆಯ ಪೇಟೆಗಳಲ್ಲಿ ಇಂಥ ಅಂಗಡಿಗಳಿಗೆ ಬೇಸಿಗೆಯಲ್ಲಿ ಪುರುಸೊತ್ತಿರುವುದಿಲ್ಲ. ವೋಲ್ಟೇಜ್ ಇಳಿದು ಸುಟ್ಟ ಸಬ್‌ಮರ್ಸಿಬಲ್ ಮೋಟರುಗಳು ಬಾಗಿಲಿನಿಂದ ಚರಂಡಿಯ ತನಕ ಸಾಲುಗಟ್ಟಿರುತ್ತವೆ. ವಾರ್ನಿಷ್ ವಾಸನೆ, ನೆಲದ ತುಂಬ ಲೆದರಾಯ್ಡ್ ಕಾಗದದ ಚೂರು, ಮೂಲೆಯಲ್ಲಿ ಸುಟ್ಟ ತಾಮ್ರದ ಗುಡ್ಡೆ. ಅಂಗಡಿಯ ಹಿರಿಯರು ತಲೆಯೆತ್ತದೆ ಕೇಳಿದರು:

"ಯಾವ ಮೋಟರಿನದಪ್ಪ?"

"ಮೋಟರಿನದಲ್ಲ ಅಣ್ಣ. 22 ಗೇಜಿನ ತಂತಿಯಲ್ಲಿ ಮುನ್ನೂರು ಸುತ್ತಿನ ಒಂದು ಕಾಯಿಲ್ ಬೇಕು. ಪೆನ್ನಿನ ಕೊಳವೆಯ ಮೇಲೆ ಸುತ್ತಬೇಕು, ಉದ್ದ ಮೂರು ಸೆಂಟಿಮೀಟರ್ ಮೀರಬಾರದು."

"ಎಷ್ಟು ವೋಲ್ಟಿಗೆ?"

"ಇಪ್ಪತ್ತನಾಲ್ಕು. ಆದರೆ ಕಂಡೆನ್ಸರ್‌ನಿಂದ ಒಂದೇ ಏಟಿಗೆ."

ಅವರು ತಲೆಯೆತ್ತಿದರು. ಪೆನ್ನಿನ ಕೊಳವೆಯನ್ನು ಬೆರಳಿನಲ್ಲಿ ಹಿಸುಕಿ ನೋಡಿ, "ಇದು ಸುತ್ತುವಾಗಲೇ ಒಳಕ್ಕೆ ಕುಗ್ಗುತ್ತದೆ, ಒಳಗೆ ಒಂದು ಸರಳು ತೂರಿಸಿ ಸುತ್ತೋಣ" ಎಂದರು. ಕೈಯಂತ್ರದ ಹಿಡಿ ತಿರುಗಿಸುತ್ತ ಎಡಗೈ ಹೆಬ್ಬೆರಳಿನಿಂದ ತಂತಿಯನ್ನು ಒತ್ತಿ ಹಿಡಿದು ಪದರದ ಮೇಲೆ ಪದರ ಕೂರಿಸಿದರು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಲಿಲ್ಲ, ಎರಡು ಸುತ್ತುಗಳ ನಡುವೆ ಬೆಳಕು ಕಾಣಲಿಲ್ಲ. ಪ್ರತಿ ಪದರದ ಕೊನೆಯಲ್ಲಿ ಕಾಗದದ ಒಂದು ಪಟ್ಟಿ. ಬಿಡಿ ಬಿಡಿಯಾಗಿ ಸುತ್ತಿದ ಸುರುಳಿ ಅಷ್ಟೇ ತಾಮ್ರದಲ್ಲಿ ಕಡಿಮೆ ಕೆಲಸ ಮಾಡುತ್ತದೆ, ಏಕೆಂದರೆ ಕೊಳವೆಯಿಂದ ದೂರವಾದಷ್ಟೂ ಒಂದೊಂದು ಸುತ್ತಿಗೂ ತಂತಿ ಹೆಚ್ಚು ಬೇಕು, ಎಳೆತ ಮಾತ್ರ ಹೆಚ್ಚುವುದಿಲ್ಲ. ತಂತಿಯನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಸುಮಾರು ಐವತ್ತು ಗ್ರಾಂ ತಾಮ್ರಕ್ಕೆ ದುಡ್ಡು ತೆಗೆದುಕೊಳ್ಳಲು ಅವರಿಗೇ ಸಂಕೋಚವಾಯಿತು.

ಉಳಿದ ಸಾಮಾನು ಬೆಂಗಳೂರಿನ ಎಸ್‌ಪಿ ರಸ್ತೆಯದು. 35 ವೋಲ್ಟ್ ತಡೆಯುವ 4700 ಮೈಕ್ರೋಫ್ಯಾರಡ್‌ನ ಕೆಪಾಸಿಟರ್, ಮಾಸ್‌ಫೆಟ್ ಎಂಬ ಒಂದು ಎಲೆಕ್ಟ್ರಾನಿಕ್ ಸ್ವಿಚ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದೆರಡು ಡಯೋಡ್. ಕೆಪಾಸಿಟರನ್ನು 24 ವೋಲ್ಟಿಗೆ ತುಂಬಿಸಿದರೆ ಅದರಲ್ಲಿ ಕೂಡಿರುವ ಶಕ್ತಿ 1.35 ಜೂಲ್. ಒಂದು ಕಿಲೋ ಸಕ್ಕರೆಯ ಪೊಟ್ಟಣವನ್ನು ನೆಲದಿಂದ ಒಂದು ಗೇಣಿಗಿಂತ ಕಡಿಮೆ ಎತ್ತುವಷ್ಟು.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಈ ಹವ್ಯಾಸದ ವಿಡಿಯೊಗಳಲ್ಲಿ ಹೆಚ್ಚಿನವು ನೂರಾರು ವೋಲ್ಟಿನ ಕೆಪಾಸಿಟರ್ ಸಾಲುಗಳನ್ನು ಜೋಡಿಸಿ ಬಾಟಲಿ ಒಡೆಯುತ್ತವೆ, ಹಣ್ಣು ಸೀಳುತ್ತವೆ. ನನಗೆ ಅವು ರುಚಿಸುವುದಿಲ್ಲ. ಬಾಟಲಿ ಒಡೆಯಿತು ಎಂಬುದರಿಂದ ತಿಳಿಯುವುದು ಬಾಟಲಿ ಗಾಜಿನದು ಎಂಬುದಷ್ಟೇ. ಎಷ್ಟು ಶಕ್ತಿ ಹಾಕಿದರು, ಎಷ್ಟು ಹೊರಬಂತು ಎಂದು ಹೇಳುವವರು ಕಡಿಮೆ. ಎರಡನೆಯದಾಗಿ, ಆ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ತುಂಬಿಯೇ ಇರುತ್ತವೆ. ಹಳೆಯ ರೀಲಿನ ಕ್ಯಾಮೆರಾದ ಫ್ಲ್ಯಾಶ್‌ನಲ್ಲಿರುವ ಬೆರಳು ಗಾತ್ರದ ಕೆಪಾಸಿಟರ್ ಕೂಡ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ, ಅದನ್ನು ಬಿಚ್ಚಿ ಕೈ ಸುಟ್ಟುಕೊಂಡವರಿಗೆ ಲೆಕ್ಕವಿಲ್ಲ. ಅಂಥದನ್ನು ಹತ್ತಾರು ಸೇರಿಸಿ ಕಟ್ಟಿದರೆ ಸುಡುವುದು ಕೈಯಷ್ಟೇ ಅಲ್ಲ. ಮೂರನೆಯದು ಕಾನೂನು. ನಮ್ಮ 1959ರ ಆಯುಧ ಕಾಯ್ದೆ ಬಂದೂಕು ಎಂದರೆ ಏನು ಎಂದು ಹೇಳುವಾಗ ಸಿಡಿಮದ್ದಿನ ಜೊತೆಗೆ ಬೇರೆ ಬಗೆಯ ಶಕ್ತಿಯಿಂದ ಗುಂಡು ಹಾರಿಸುವ ಆಯುಧಗಳನ್ನೂ ಸೇರಿಸಿಕೊಂಡಿದೆ. ವಿದ್ಯುತ್ತಿನಿಂದ ಮಾಡಿದ್ದೇನೆ, ಮದ್ದು ಹಾಕಿಲ್ಲ ಎಂಬ ಸಬೂಬು ನಡೆಯುವುದಿಲ್ಲ. ನನ್ನದು ಮೇಜಿಗೆ ಬಿಗಿದ, ಮೊಂಡು ತುದಿಯ ತುಂಡನ್ನು ಹತ್ತಿ ತುಂಬಿದ ಡಬ್ಬಕ್ಕೆ ಹಾಕುವ ಪ್ರಯೋಗ. 24 ವೋಲ್ಟ್ ದಾಟುವ ಉದ್ದೇಶ ನನಗಿಲ್ಲ. ಇಲ್ಲಿರುವ ಪ್ರಶ್ನೆಗಳಿಗೆ ಅದು ಬೇಕಾಗಿಯೂ ಇಲ್ಲ.

ವೇಗ ಅಳೆಯಲು ದುಬಾರಿ ಉಪಕರಣ ಬೇಕಿಲ್ಲ, ಪಿಯುಸಿ ಭೌತಶಾಸ್ತ್ರ ಸಾಕು. ಕೊಳವೆಯನ್ನು ಮಟ್ಟಸವಾಗಿ ಮೇಜಿನ ಅಂಚಿಗೆ ಕೂರಿಸಬೇಕು. ಮೇಜಿನ ಎತ್ತರ 75 ಸೆಂಟಿಮೀಟರ್ ಎಂದರೆ, ಎಷ್ಟೇ ವೇಗದಲ್ಲಿ ಹೊರಬಿದ್ದರೂ ವಸ್ತು ನೆಲ ಮುಟ್ಟಲು ತೆಗೆದುಕೊಳ್ಳುವುದು 0.39 ಸೆಕೆಂಡ್. ಡಬ್ಬವನ್ನು ಪಕ್ಕಕ್ಕಿಟ್ಟು, ನೆಲದ ಮೇಲೆ ಬಿಳಿ ಹಾಳೆ ಹಾಸಿ, ಅದರ ಮೇಲೆ ಕಾರ್ಬನ್ ಪೇಪರ್ ಕವುಚಿ ಹಾಕಿದರೆ ಸರಳು ಬಿದ್ದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಒಂದೂವರೆ ಮೀಟರನ್ನು 0.39ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 3.85 ಮೀಟರ್. ಸರಳಿನ ತುಂಡು 25 ಮಿಲಿಮೀಟರ್ ಉದ್ದ, ಐದೂವರೆ ಗ್ರಾಂ ತೂಕ. ಚಲನಶಕ್ತಿ ಲೆಕ್ಕ ಹಾಕಿದರೆ 0.04 ಜೂಲ್.

ಹಾಕಿದ್ದು 1.35, ಬಂದದ್ದು 0.04. ನೂರಕ್ಕೆ ಮೂರು.

ಒಂದೇ ಸುರುಳಿಯ ಮನೆ ಪ್ರಯೋಗಗಳಲ್ಲಿ ಇದು ನಾಚಿಕೆಪಡುವಂಥ ಅಂಕಿಯೇನಲ್ಲ, ಅನೇಕವು ಒಂದೆರಡರಲ್ಲೇ ನಿಲ್ಲುತ್ತವೆ. ಆದರೂ ಉಳಿದ ತೊಂಬತ್ತೇಳು ಎಲ್ಲಿ ಹೋಯಿತು ಎಂಬ ಪ್ರಶ್ನೆ ಬಿಡುವುದಿಲ್ಲ. ಸುರುಳಿಯನ್ನು ಮುಟ್ಟಿ ನೋಡಿದರೆ ತಣ್ಣಗಿದೆ. ಇದು ನನ್ನನ್ನು ಬಹಳ ಕಾಡಿತ್ತು. ಕೊನೆಗೆ ಲೆಕ್ಕ ಹಾಕಿದಾಗ ಗೊತ್ತಾಯಿತು, ಕಳೆದುಹೋದ ಶಕ್ತಿಯೆಲ್ಲ ಆ ಐವತ್ತು ಗ್ರಾಂ ತಾಮ್ರಕ್ಕೇ ಹೋಗಿದ್ದರೂ ಅದು ಬಿಸಿಯಾಗುವುದು ಒಂದು ಡಿಗ್ರಿಯ ಹದಿನಾಲ್ಕನೇ ಒಂದು ಭಾಗದಷ್ಟು. ಚಲನೆಯಾಗಿ ಬಂದ ಮೂರು ಪಾಲು ಕಣ್ಣಿಗೆ ರಾಚುತ್ತದೆ, ಶಾಖವಾಗಿ ಹೋದ ತೊಂಬತ್ತೇಳು ಪಾಲು ಬೆರಳಿಗೂ ಸಿಗುವುದಿಲ್ಲ.

ಈ ಸೋರಿಕೆಗೆ ಕಾರಣ ಏನೆಂದರೆ, ಕಬ್ಬಿಣ ಆರಂಭದಲ್ಲಿ ನಿಂತಿರುತ್ತದೆ. ಕರೆಂಟ್ ಒಂದು ಮಿಲಿಸೆಕೆಂಡ್ ದಾಟುವಷ್ಟರಲ್ಲಿ ಮೂವತ್ತು ಆಂಪಿಯರ್ ಆಸುಪಾಸಿಗೆ ಏರಿಬಿಡುತ್ತದೆ, ಸರಳಿನ ತುಂಡು ಆಗಿನ್ನೂ ಮೈಮುರಿಯುತ್ತಿರುತ್ತದೆ. ಅದು ಕದಲಿ ವೇಗ ಹಿಡಿಯುವ ಹೊತ್ತಿಗೆ ಕೆಪಾಸಿಟರ್ ಬಹುಪಾಲು ಬರಿದಾಗಿ, ಆ ವಿದ್ಯುತ್ತೆಲ್ಲ ತಂತಿಯ ರೋಧದಲ್ಲಿ ಶಾಖವಾಗಿರುತ್ತದೆ. ಹಾಗಾದರೆ ವೋಲ್ಟೇಜ್ ಏರಿಸಿಬಿಡಬಹುದಲ್ಲ ಎಂದರೆ, ಕಬ್ಬಿಣಕ್ಕೆ ಅದರದೇ ಮಿತಿ ಇದೆ. ಕಾಂತಕ್ಷೇತ್ರದ ಅಳತೆಯಲ್ಲಿ ಸುಮಾರು ಎರಡು ಟೆಸ್ಲಾ ತಲುಪುತ್ತಿದ್ದಂತೆ ಅದರ ಕಾಂತತ್ವ ತುಂಬಿಹೋಗುತ್ತದೆ. ಅಲ್ಲಿಯ ತನಕ ಕರೆಂಟ್ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು, ಆಮೇಲೆ ಬರೀ ಎರಡು ಪಟ್ಟು. ತಂತಿಯಲ್ಲಿ ಹುಟ್ಟುವ ಶಾಖ ಮಾತ್ರ ಯಾವಾಗಲೂ ನಾಲ್ಕು ಪಟ್ಟು.

ತುಂಡನ್ನು ಎಲ್ಲಿಂದ ಹೊರಡಿಸುತ್ತೇವೆ ಎಂಬುದೂ ಫಲಿತಾಂಶವನ್ನು ಆಳುತ್ತದೆ. ಅದರ ಮೂತಿ ಸುರುಳಿಯ ಬಾಯಿಯೊಳಗೆ ತುಸುವೇ ಹೊಕ್ಕಿರುವಂತೆ ಇಟ್ಟರೆ ಒಂದೂವರೆ ಮೀಟರ್. ನಾಲ್ಕೈದು ಮಿಲಿಮೀಟರ್ ಹಿಂದಕ್ಕೆ ಸರಿಸಿದರೆ ಎಳೆತ ಹತ್ತುವ ಮೊದಲೇ ಕರೆಂಟ್ ಮುಗಿದು ಅದು ಕೊಳವೆಯಲ್ಲೇ ಸೋಮಾರಿಯಂತೆ ಉಳಿಯುತ್ತದೆ. ನಡುಬಿಂದು ದಾಟಿಸಿ ಇಟ್ಟರೆ ಉಲ್ಟಾ ಹೊಡೆದು ಹಿಂದಿನಿಂದ ಹೊರಬೀಳುತ್ತದೆ. ಮೊದಲ ಬಾರಿ ನೋಡುವವರಿಗೆ ನಾನು ತೋರಿಸುವುದು ಇದನ್ನೇ. ಗುಂಡಿ ಒತ್ತಿದವನ ಕಡೆಗೇ ಬರುವ ಯಂತ್ರ ಕಂಡರೆ ಜನರಿಗೆ ಅದರ ತತ್ವ ಬೇಗ ಅರ್ಥವಾಗುತ್ತದೆ.

ಇನ್ನು ಕರೆಂಟ್ ನಿಲ್ಲಿಸುವ ವಿಷಯ. ಹವ್ಯಾಸಿಗಳು ಬಹಳ ಕಾಲದಿಂದ ಬಳಸುತ್ತ ಬಂದದ್ದು ಎಸ್‌ಸಿಆರ್ ಎಂಬ ಸ್ವಿಚ್. ಅಗ್ಗ, ಗಟ್ಟಿ, ನೂರಾರು ಆಂಪಿಯರ್ ತಡೆದುಕೊಳ್ಳುತ್ತದೆ. ಆದರೆ ಒಮ್ಮೆ ಕರೆಂಟಿಗೆ ದಾರಿ ತೆರೆದರೆ ಹರಿಯುವ ಕರೆಂಟ್ ತಾನಾಗಿ ಬತ್ತುವ ತನಕ ಅದು ಮುಚ್ಚಿಕೊಳ್ಳುವುದಿಲ್ಲ. ಮಾಸ್‌ಫೆಟ್ ಹೇಳಿದ ಕ್ಷಣ ಮುಚ್ಚಿಕೊಳ್ಳುತ್ತದೆ, ಆದರೆ ಆಗ ಸುರುಳಿ ತಿರುಗಿಬೀಳುತ್ತದೆ. ತನ್ನಲ್ಲಿ ಹರಿಯುತ್ತಿರುವ ಕರೆಂಟನ್ನು ಯಾರಾದರೂ ಥಟ್ಟನೆ ತಡೆದರೆ ಅದನ್ನು ಮುಂದುವರಿಸಲು ಸುರುಳಿ ಎಷ್ಟು ವೋಲ್ಟೇಜ್ ಬೇಕಾದರೂ ಹುಟ್ಟಿಸುತ್ತದೆ, ಸ್ವಿಚ್ಚನ್ನು ಸುಟ್ಟಾದರೂ ಸರಿ. ಅದರಿಂದ ಸ್ವಿಚ್ಚನ್ನು ಕಾಪಾಡಲು ಸುರುಳಿಗೆ ಅಡ್ಡಲಾಗಿ ಒಂದು ಡಯೋಡ್ ಹಾಕುತ್ತಾರೆ, ಕರೆಂಟ್ ಅದರ ಮೂಲಕ ಸುತ್ತಿ ಸುತ್ತಿ ಸಾಯಲಿ ಎಂದು. ರಿಲೇ ಎಂಬ ಸುರುಳಿ-ಸ್ವಿಚ್ಚುಗಳಲ್ಲೂ ಸಾಮಾನ್ಯವಾಗಿ ಇದೇ ಉಪಾಯ. ಆದರೆ ಇಲ್ಲಿ ಅದು ಕೆಲಸ ಕೆಡಿಸುತ್ತದೆ. ಡಯೋಡ್ ಸ್ವಿಚ್ಚನ್ನು ಉಳಿಸುತ್ತದೆ, ಕರೆಂಟನ್ನೂ ಉಳಿಸುತ್ತದೆ, ಉಳಿದ ಕರೆಂಟ್ ಕಬ್ಬಿಣವನ್ನು ಹಿಂದಕ್ಕೆ ಜಗ್ಗುತ್ತದೆ. ಡಯೋಡಿನ ಜೊತೆ ಒಂದು ರೋಧಕ ಸೇರಿಸಿದರೆ ಕರೆಂಟ್ ಬೇಗ ಸಾಯುತ್ತದೆ, ಆದರೆ ಅಷ್ಟೇ ಹೆಚ್ಚು ವೋಲ್ಟೇಜನ್ನು ಸ್ವಿಚ್ ತಡೆದುಕೊಳ್ಳಬೇಕು. ರೋಧಕವನ್ನು ಬದಲಿಸುತ್ತ ಕಪ್ಪು ಚುಕ್ಕೆಗಳು ಹಾಳೆಯ ಮೇಲೆ ಮುಂದಕ್ಕೆ ಸರಿಯುವುದನ್ನು ನೋಡುವುದು ನನ್ನ ಪಾಲಿಗೆ ಈ ಹವ್ಯಾಸದ ದೊಡ್ಡ ಸುಖ. ಯಾವ ಬಾಟಲಿಯೂ ಒಡೆಯಬೇಕಾಗಿಲ್ಲ.

ಈ ವಿದ್ಯೆಯ ಆರಂಭದಲ್ಲೇ ಒಬ್ಬ ಪ್ರಾಧ್ಯಾಪಕರು ಅದರ ಕೈಯಲ್ಲಿ ಪೆಟ್ಟು ತಿಂದಿದ್ದಾರೆ, ಆ ಪೆಟ್ಟಿನಿಂದಲೇ ದೊಡ್ಡವರೂ ಆಗಿದ್ದಾರೆ. ನಾರ್ವೆಯ ಕ್ರಿಸ್ಟಿಯಾನ್ ಬರ್ಕ್‌ಲ್ಯಾಂಡ್, ಧ್ರುವ ಪ್ರದೇಶದ ಆಕಾಶದಲ್ಲಿ ಕುಣಿಯುವ ಬೆಳಕಿನ ಕಾರಣ ಹುಡುಕಿದವರು. ಆ ಸಂಶೋಧನೆಗೆ ಹಣ ಬೇಕಾಗಿತ್ತು. ಸುರುಳಿಗಳ ಸಾಲಿನಿಂದ ಗುಂಡು ಹಾರಿಸುವ ಫಿರಂಗಿಗೆ 1901ರಲ್ಲಿ ಪೇಟೆಂಟ್ ಕೇಳಿ, ಷೇರುದಾರರನ್ನು ಕೂಡಿಸಿ ಕಂಪನಿಯನ್ನೂ ಕಟ್ಟಿದರು. 1903ರ ಫೆಬ್ರವರಿ 6ರಂದು ಇಂದಿನ ಓಸ್ಲೋದ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಗಣ್ಯರ ಎದುರು ಪ್ರದರ್ಶನ ಇಟ್ಟುಕೊಂಡಿದ್ದರು. ಫಿರಂಗಿ ಸದ್ದಿಲ್ಲದೆ ಕೆಲಸ ಮಾಡುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಸ್ವಿಚ್ ಹಾಕಿದಾಗ ಒಳಗೆ ಶಾರ್ಟ್ ಸರ್ಕ್ಯೂಟ್ ಆಗಿ ಕಿವಿಗಡಚಿಕ್ಕುವ ಸಿಡಿತದೊಂದಿಗೆ ಬಾಯಿಯಿಂದ ಬೆಂಕಿಯ ನಾಲಗೆ ಹೊರಚಾಚಿತು, ಸಭಿಕರು ಗಾಬರಿಬಿದ್ದರು. ಗುಂಡು ಗುರಿಗೇ ಬಡಿದಿತ್ತು, ಅದನ್ನು ಕೇಳುವವರು ಯಾರೂ ಉಳಿದಿರಲಿಲ್ಲ. ಕಂಪನಿಯ ಕಥೆ ಅಲ್ಲಿಗೆ ಮುಗಿಯಿತು.

ಒಂದು ವಾರದ ನಂತರ ಔತಣಕೂಟವೊಂದರಲ್ಲಿ ಅವರಿಗೆ ಸ್ಯಾಮ್ ಐಡೆ ಎಂಬ ಎಂಜಿನಿಯರ್ ಸಿಕ್ಕರು. ಗಾಳಿಯಲ್ಲಿರುವ ಸಾರಜನಕವನ್ನು ಗೊಬ್ಬರವಾಗಿಸಲು ಐಡೆ ಅವರಿಗೆ ಬೇಕಾಗಿದ್ದದ್ದು ಭಾರೀ ಗಾತ್ರದ ವಿದ್ಯುತ್ ಕಿಡಿ, ಭೂಮಿಯ ಮೇಲೆ ಹಿಡಿದು ನಿಲ್ಲಿಸಿದ ಮಿಂಚು. ಅಂಥದೊಂದು ಬರ್ಕ್‌ಲ್ಯಾಂಡ್ ಅವರ ಫಿರಂಗಿಯೊಳಗೆ ಆಗಷ್ಟೇ ಹುಟ್ಟಿ ಅವರ ಮಾನ ಕಳೆದಿತ್ತು. ಆ ಕಿಡಿಯನ್ನು ಕಾಂತಕ್ಷೇತ್ರದಲ್ಲಿ ತಟ್ಟೆಯಂತೆ ಹರಡಿಸಿ, ಅದರ ಮೂಲಕ ಗಾಳಿ ಹಾಯಿಸಿ, ನೈಟ್ರಿಕ್ ಆಮ್ಲ ಮಾಡಿ, ಸುಣ್ಣಕಲ್ಲಿನೊಂದಿಗೆ ಬೆರೆಸಿ ಗೊಬ್ಬರ ತೆಗೆದರು. 1905ರಲ್ಲಿ ನಾರ್ಸ್ಕ್ ಹೈಡ್ರೋ ಕಂಪನಿ ಹುಟ್ಟಿದ್ದು ಈ ವಿಧಾನದ ಮೇಲೆ. ಅದು ಕರೆಂಟನ್ನು ನೀರಿನಂತೆ ಕುಡಿಯುತ್ತಿತ್ತು, ಜಲಪಾತಗಳ ಅಗ್ಗದ ವಿದ್ಯುತ್ ಇದ್ದ ನಾರ್ವೆಯಂಥ ಕಡೆ ಮಾತ್ರ ಗಿಟ್ಟುತ್ತಿತ್ತು. ಮುಂದೆ ಜರ್ಮನಿಯ ಹೇಬರ್-ಬಾಷ್ ವಿಧಾನ ಬಂದು ಅದನ್ನು ಮೂಲೆಗೆ ತಳ್ಳಿತು. ನಮ್ಮ ಸೊಸೈಟಿಗಳ ಮುಂದೆ ಸಾಲು ನಿಲ್ಲಿಸುವ ಯೂರಿಯಾದ ಬೇರೂ ಆ ಜರ್ಮನ್ ವಿಧಾನದಲ್ಲೇ ಇದೆ. ಫಿರಂಗಿಯಾಗಿ ಸೋತದ್ದು ಗೊಬ್ಬರವಾಗಿ ಗೆದ್ದಿತು ಎಂದು ಇದನ್ನು ಎಲ್ಲರೂ ಸೊಗಸಾಗಿ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಅಷ್ಟು ಕರೆಂಟನ್ನು ಅಂಕೆಯಲ್ಲಿಟ್ಟು ಸುರುಳಿಯಿಂದ ಸುರುಳಿಗೆ ದಾಟಿಸಬಲ್ಲ ಸ್ವಿಚ್ ಅವರ ಕಾಲದಲ್ಲಿ ಇರಲಿಲ್ಲ. ಟ್ರಾನ್ಸಿಸ್ಟರ್ ಹುಟ್ಟಲು ಇನ್ನೂ ನಾಲ್ಕು ದಶಕ ಬಾಕಿ ಇತ್ತು.

ಸುರುಳಿಯ ತಂಟೆಯೇ ಬೇಡವೆಂದು ಎರಡು ಹಳಿಗಳ ನಡುವೆ ಕರೆಂಟ್ ಹರಿಸಿ ಗುಂಡನ್ನು ನೂಕುವ ಇನ್ನೊಂದು ದಾರಿಯಿದೆ, ರೈಲ್‌ಗನ್. ಅಮೆರಿಕದ ನೌಕಾಪಡೆ 2010ರ ಡಿಸೆಂಬರಿನಲ್ಲಿ ಅದರಿಂದ 33 ಮೆಗಾಜೂಲ್‌ನ ಹೊಡೆತ ತೆಗೆದಿತ್ತು. ನನ್ನ ಸರಳಿನ ತುಂಡಿನ ಎಂಬತ್ತು ಕೋಟಿ ಪಟ್ಟು. ಹಳಿಗಳು ಸವೆದುಹೋಗುವ ಕಾಟ ತೀರಲಿಲ್ಲ, 2021ರಲ್ಲಿ ಯೋಜನೆಯನ್ನೇ ನಿಲ್ಲಿಸಿದರು. ಅದೇ ನೌಕಾಪಡೆಯ ಜೆರಾಲ್ಡ್ ಫೋರ್ಡ್ ಹಡಗಿನಲ್ಲಿ ವಿಮಾನಗಳನ್ನು ಮೇಲಕ್ಕೆ ಎಸೆಯುವುದು ಸುರುಳಿಗಳ ಸಾಲು. ಅದು ಗುಂಡು ಹಾರಿಸುವುದಿಲ್ಲ, ವಿಮಾನದ ವೇಗವನ್ನು ಹಂತಹಂತವಾಗಿ ಏರಿಸುತ್ತದೆ.

ನಾನೂ ಈಗ ಎರಡನೆಯ ಸುರುಳಿಗೆ ಬಂದಿದ್ದೇನೆ. ಮೊದಲನೆಯದರಿಂದ ಹೊರಬಂದ ತುಂಡು ಕೊಳವೆಯ ಅಡ್ಡಕ್ಕೆ ಹಾಯುವ ಎಲ್‌ಇಡಿ ಬೆಳಕನ್ನು ಮರೆಮಾಡಿದಾಗ ಎರಡನೆಯದು ಹೊತ್ತಿಕೊಳ್ಳುತ್ತದೆ. ಕಬ್ಬಿಣ ಈಗ ನಿಂತಿಲ್ಲ, ಓಡುತ್ತಿದೆ. ಸುರುಳಿಯನ್ನು ಬೇಗ ದಾಟುವುದರಿಂದ ಶಾಖವಾಗಿ ಪೋಲಾಗುವ ಹೊತ್ತು ಕಡಿಮೆ, ಅಷ್ಟರಮಟ್ಟಿಗೆ ಲಾಭ. ಆದರೆ ಕರೆಂಟ್ ನಿಲ್ಲಿಸಲು ಸಿಗುವ ಸಮಯವೂ ಅಷ್ಟೇ ಕಡಿಮೆ. ಚುಕ್ಕೆ ಎರಡು ಮೀಟರಿಗೆ ಸರಿದಿದೆ. ಶಕ್ತಿ 0.07 ಜೂಲ್, ಹಾಕಿದ್ದು ಎರಡು ಕೆಪಾಸಿಟರ್ ಸೇರಿ 2.7. ದೂರ ಹೆಚ್ಚಿತು, ಶೇಕಡಾವಾರು ಲೆಕ್ಕ ಮೂರಕ್ಕಿಂತ ತುಸು ಕೆಳಗಿಳಿಯಿತು. ನೋಡಿದವರು ಮೆಚ್ಚಿದರು, ನನಗೆ ಮಾತ್ರ ಸಮಾಧಾನವಿಲ್ಲ.

ಮುಂದಿನ ಪ್ರಯತ್ನ ಒಂದೊಂದು ಸುರುಳಿಗೆ ಎರಡು ಮಾಸ್‌ಫೆಟ್, ಎರಡು ಡಯೋಡ್ ಹಾಕುವುದು. ಎರಡೂ ಸ್ವಿಚ್ ಒಟ್ಟಿಗೆ ಆಫ್ ಆದಾಗ ಸುರುಳಿಯಲ್ಲಿ ಉಳಿದ ಕರೆಂಟಿಗೆ ಇರುವುದು ಒಂದೇ ದಾರಿ, ತಾನು ಬಂದ ಕೆಪಾಸಿಟರಿಗೇ ವಾಪಸು ಹೋಗುವುದು. ಹಾಗೆ ಹೋದರೆ ಕರೆಂಟ್ ಬೇಗ ಸಾಯುತ್ತದೆ, ಸತ್ತದ್ದರಲ್ಲಿ ಒಂದು ಪಾಲು ಮುಂದಿನ ಸಲಕ್ಕೆ ಉಳಿಯುತ್ತದೆ. ಸದ್ಯ ಪ್ರತಿ ಹೊಡೆತದ ನಂತರ ಕೆಪಾಸಿಟರಿಗೆ ಮೀಟರ್ ಹಿಡಿದರೆ ಕಾಣುವುದು ಒಂದು ವೋಲ್ಟಿಗೂ ಕಡಿಮೆ. ಹೊಸ ಜೋಡಣೆಯಲ್ಲಿ ಅದು ಆರೇಳು ವೋಲ್ಟ್ ತೋರಿಸಿದರೂ ಸಾಕು, ತೊಂಬತ್ತೇಳರಲ್ಲಿ ಏಳೆಂಟು ಪಾಲು ಕೈಗೆ ಸಿಕ್ಕಂತೆ. ಎರಡನೆಯ ಸುರುಳಿಗೆ ದಪ್ಪ ತಂತಿ, ಕಡಿಮೆ ಸುತ್ತು ಹಾಕಿಸಿ ನೋಡಬೇಕೆಂದೂ ಇದೆ. ಅಂಗಡಿಯ ಹಿರಿಯರು ಮಳೆ ಹಿಡಿದ ಮೇಲೆ ಬಾ, ಆಗ ಮೋಟರುಗಳು ಕಡಿಮೆ ಎಂದಿದ್ದಾರೆ.